ಮೂರು ಕೈಯ ಕಾಯಿ

ಹಾಸ್ಟೆಲಿನಿಂದ ಮೂರು ಸೆಟ್ಟು ಕೇರಂ ಕಾಯಿ ತರಿಸಿ
ನೀರು ಮಾಡೂಣು ಮೊಗಲಪ್ಪ, ಅಂದ್ರು ತಬಸ್ಸುಮ್ ಮೇಡಂ.
ಹೊರಗ ನಲವತ್ಮೂರು ಡಿಗ್ರಿ, ಕಲಬುರಗಿಯ ಮೇ ತಿಂಗಳು.
ನಳ ಬಂದು ಆರು ದಿನ ಆಗಿತ್ತು.
ನಾನು ಲ್ಯಾಬಿನ ಅಟೆಂಡರ್. ಹೂಂ ಅಂದೆ.

ಒಂದೊಂದು ಕಾಯಿಯ ಅಂಚಿಗೂ ಮೂರು ತೂತು,
ಕೋನಮಾಪಕ ಇಟ್ಟು, ಸರಿಯಾಗಿ ಮೂರು ಪಾಲು.
ತೂತಿನೊಳಗ ಕಡಲಿಗಿಂತ ಸಣ್ಣ ಅಯಸ್ಕಾಂತದ ಗುಂಡು,
ತನ್ನಷ್ಟಕ್ಕ ತಿರುಗುವಂಗ ಸಡಿಲ ಬಿಟ್ಟು, ಮ್ಯಾಲ ಟೇಪು.
ಎರಡು ಕಾಯಿ ಕಡಿಮಿ ಬಿದ್ದವು.
ನನ್ನ ಹಳೆ ಕೋಟಿನ ಗುಂಡಿ ಕಿತ್ತು ಹಾಕಿದೆ.

ಇದರಾಗ ಹೈಡ್ರೋಜನ್ ಎಲ್ಲದ ರೀ, ಆಕ್ಸಿಜನ್ ಎಲ್ಲದ?
ಇಲ್ಲ. ಮೈ ದುಂಡಗ, ಕೈ ಮೂರು.
ಅಷ್ಟ.
ಬಾಕಿ ಎಲ್ಲಾ ಬಿಟ್ಟು ನೋಡೂಣು.

ಬೋರ್ಡು ತುಸು ಓರೆ. ಕೆಳಗ ಹಳೆ ಕೂಲರಿನ ಮೋಟಾರು,
ರೆಗ್ಯುಲೇಟರ್ ನನ್ನ ಕೈಯಾಗ.
ಒಂದಕ್ಕ ಇಟ್ಟೆ:
ಕಾಯಿಗೆ ಕಾಯಿ ಕೈ ಹುಡುಕಿದವು, ಟಕ್, ಟಕ್,
ಆರಾರು ಸೇರಿ ಉಂಗುರ, ಉಂಗುರದ ನಡುವ ಬಯಲು.
ಕೈ ಹಿಡಕೊಂಡು ನಿಂತವರಿಗೆ ಜಾಗ ಭಾಳ ಬೇಕು.
ರಾಶಿಯ ತುದಿಗೆ ಸೀಮೆಸುಣ್ಣದ ಗೆರಿ ಎಳೆದೆ.

ಎರಡಕ್ಕ ತಿರುವಿದೆ.
ನಡುಕ ಹೆಚ್ಚಾಯ್ತು. ರಾಶಿ ಈಗ ಏಳ್ತದ, ಏಳ್ತದ ಅಂತ ಕಾದರ
ಕೈ ಬಿಟ್ಟವು, ಬಯಲಿನೊಳಗ ಒಂದೊಂದೇ ಜಾರಿದವು,
ರಾಶಿ ಕುಸೀತು!
ಗೆರಿಯಿಂದ ಎರಡು ಬಟ್ಟು ಕೆಳಗ.
ಮೂರಕ್ಕ ಇಟ್ಟ ಮ್ಯಾಲ ಮಾತ್ರ ಹಿಗ್ಗಿತು,
ಲೋಕದ ಎಲ್ಲಾ ವಸ್ತುವಿನಂಗ.

ಮೇಡಂ ಸ್ಟೂಲಿನ ಮ್ಯಾಲ ಕೂತ್ರು. ಭಾಳ ಹೊತ್ತು ಮಾತಿಲ್ಲ.
ಆಮ್ಯಾಲ: ಬರ್ಫ್ ತೇಲೋದು ಇದಕ್ಕ, ಮೊಗಲಪ್ಪ.
ಸೂಪರ್ ಮಾರ್ಕೆಟಿನ ಮೂಲ್ಯಾಗಿನ ಶರಬತ್ತಿನ ಗಾಡಿ ನೆನಪಾಯ್ತು,
ಗ್ಲಾಸಿನಾಗ ಮುಳುಗಲಾರದ ಆ ತುಂಡು.
ಐವತ್ತು ವರ್ಷ ಬೆರಳಿಲೆ ಒತ್ತೀನಿ ಅದನ್ನ,
ಎದ್ದು ಬರ್ತದ, ಮತ್ತ ಒತ್ತೀನಿ.
ಯಾಕಂತ ಒಮ್ಮಿನೂ ಕೇಳಿಲ್ಲ.

ಇದೂ ಪೂರಾ ನೀರಲ್ಲ, ಅಂದ್ರು. ಕುದಿಯೋದು ಸರಿ ಬರಂಗಿಲ್ಲ.
ಕೈ ತೋಯೋದಿಲ್ಲ, ನೀರಡಿಕಿ ಹೋಗೋದಿಲ್ಲ, ಅಂದೆ ನಾ.
ನಕ್ಕರು. ಬರಕೊಂಡರು. ಏನು ಬರಕೊಂಡರೋ.

ಅಷ್ಟರಾಗ ಕರೆಂಟು ಹೋತು.
ಮೋಟಾರು ನಿಧಾನಕ್ಕ ಉಸಿರು ಬಿಡೂ ಹೊತ್ತಿಗೆ
ಕೊನೀ ನಡುಕದಾಗ, ಯಾರೂ ಹೇಳದ,
ಕಾಯಿ ಮತ್ತ ಕೈ ಚಾಚಿದವು.
ಮೇಡಂ ಮೊಬೈಲಿನ ಬೆಳಕು ಹಿಡಿದು ಉಂಗುರ ಎಣಿಸಿದ್ರು.
ನಾನು ನನ್ನ ಗುಂಡಿ ಹುಡುಕಿದೆ.
ಒಂದು, ಕರಿ ಬಿಳಿ ಕಾಯಿಗಳ ನಡುವ, ಆರರಾಗ ಆರನೇದಾಗಿ ನಿಂತಿತ್ತು.
ಇನ್ನೊಂದು ಬೋರ್ಡಿನ ಮೂಲಿಗೆ
ಒಂದೇ ಕೈ ಹಿಡಿದಿತ್ತು.