ಏಳನೇ ಮೆಷಿನ್ನಿನ ತಾರೀಖು

ಗೋರಿಪಾಳ್ಯದ ಸರ್ಕಾರಿ ಶಾಲೆ. ಶನಿವಾರ.
ಬ್ಯಾಂಕು ಬಿಸಾಕಿದ ಹನ್ನೊಂದು ಮೆಷಿನ್ನು,
ಒಂದೇ ಪೆನ್‌ಡ್ರೈವಿನಿಂದ ಒಂದೊಂದಕ್ಕೂ
ಲಿನಕ್ಸ್ ಕುಡಿಸಿ ಎಬ್ಬಿಸಿದ್ದು ನಾನೇ.
ಆಯುಧಪೂಜೆಗೆ ಚೌಡಪ್ಪ ಇಟ್ಟ ಕುಂಕುಮ
ಮೂರನೆಯದರ ಕೀಲಿಮಣೆಗೆ ಇಳಿದು
ಈಗಲೂ 'ರ' ಒತ್ತಿದರೆ ರರರರ ಅನ್ನುತ್ತದೆ,
ಸ್ಟಾರ್ಟ್ ಆಗದ ಆಟೋ.

ಏಳನೆಯದಕ್ಕೆ ಬೇರೆ ಕಾಯಿಲೆ.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತು
ದಿನಾ ಎದ್ದಾಗ ಅದಕ್ಕೆ
ಎರಡು ಸಾವಿರದ ಎರಡು, ಜನವರಿ ಒಂದು.
ನೂರ್‌ಅಫ್ಶಾ ಬರೆದ ಪ್ರಬಂಧ,
ಬಿಡಿಸಿದ ಕುರಿ, ಅರ್ಧ ಕೋಷ್ಟಕ,
ಎಲ್ಲದರ ಪಕ್ಕ ಅದೇ ತಾರೀಖು.
"ನಾನು ಹುಟ್ಟೋಕ್ ಮುಂಚೇನೇ
ಬರ್ದಿದೀನಿ ಸಾರ್" ಅಂತ
ಇಡೀ ಕ್ಲಾಸಿಗೆ ಹೇಳಿಕೊಂಡಿದ್ದಾಳೆ.

ಎಸ್.ಪಿ. ರೋಡಿನಲ್ಲಿ ಮೂವತ್ತು ರೂಪಾಯಿ.
ಬ್ಯಾಟರಿ ಹಾಕಿದೆ, ಧೂಳು ಊದಿದೆ,
ಗಡಿಯಾರ ಸರಿಹೋಯಿತು.
ಪರದೆಯ ಮೂಲೆ ನೋಡಿ
"ಇವತ್ತೇನಾ?" ಅಂದಳು,
ಬಸ್ಸು ತಪ್ಪಿದವಳ ಹಾಗೆ.
"ಹಳೇದು ಮುಟ್ಬೇಡಿ ಸಾರ್, ಹಂಗೇ ಇರ್ಲಿ."

ಒಂದೇ ಸಾಲಿನ ಆಜ್ಞೆ,
ಎಲ್ಲಾ ಇವತ್ತಿಗೆ ಬಂದುಬಿಡುತ್ತವೆ.
ಬರೆದಿದ್ದೆ, ಎಂಟರ್ ಒಂದು ಬಾಕಿ.
ಅಷ್ಟರಲ್ಲಿ ಬಾಗಿಲಲ್ಲಿ ಚೌಡಪ್ಪ:
ಹತ್ತನೆಯದರೊಳಗೆ ಇಲಿ ಮರಿ ಹಾಕಿದೆಯಂತೆ,
ಆಫ್ ಮಾಡಬೇಡಿ,
ಬೆಚ್ಚಗಿರಲಿ ಅಂತಾನೆ.