ಛೇದ

ನಮೂನೆ ಹನ್ನೊಂದು.
ಕಂಪನಿಯ ಪರಿಸರ ಸಾಧನೆ, ಒಟ್ಟು ಅಂಕ ನೂರು.
ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋರಿದ್ದು ಲೀಟರಿನಲ್ಲಿ,
ಕಡಿದ ಕೊಂಬೆ, ಬಿದ್ದ ಕೊಂಬೆ ಟನ್ನಿನಲ್ಲಿ,
ನೆಟ್ಟ ಸಸಿ ಸಂಖ್ಯೆಯಲ್ಲಿ
(ಬದುಕಿದ ಸಸಿ ಎಂಬ ಕಾಲಂ ಹೋದ ವರ್ಷ ತೆಗೆದರು),
ಆನೆ, ಹತ್ತು ಲಕ್ಷ ಯೂನಿಟ್ಟಿಗೆ ಎಷ್ಟು.

ಸಿದ್ದಾಪುರದ ಸೆಕ್ಷನ್ ಆಫೀಸಿನಲ್ಲಿ ಒಂದು ವಾರ ಕೂತೆ.
ಫ್ಯಾನು ತಿರುಗುವಷ್ಟು ವೋಲ್ಟೇಜು ಇರಲಿಲ್ಲ.
ಇಂಜಿನಿಯರ್ ಪೊನ್ನವ್ವ ನಕ್ಕರು,
"ಇದನ್ನೂ ಬರಕೊಳ್ಳಿ, ಉಳಿತಾಯ."

ಭಾಗಾಕಾರ ನನ್ನ ಕಸುಬು.
ಅಂಶ ಮೇಲೆ, ಛೇದ ಕೆಳಗೆ, ನಡುವೆ ಒಂದು ಗೆರೆ,
ಬಿಗಿದು ಎಳೆದ ತಂತಿಯ ಹಾಗೆ.
ನನ್ನ ಹಾಳೆಯಲ್ಲಿ ಮಾತ್ರ
ಆನೆ ತಂತಿಯ ಮೇಲಿರುತ್ತದೆ.

ಹೋದ ವರ್ಷ ಮೂರು. ಈ ವರ್ಷವೂ ಮೂರು.
ಆದರೆ ಈ ಸಲ ಹೂಮಳೆ ಕೈಕೊಟ್ಟಿತ್ತು.
ಕೆರೆಕೆರೆಗೂ ಮೋಟಾರು ಇಳಿಸಿ
ಕಾಫಿಗಿಡದ ನೆತ್ತಿಗೆ ರಾತ್ರಿಯಿಡೀ ನೀರು ಹಾರಿಸಿದರು.
ಯೂನಿಟ್ಟು ಏರಿತು. ಛೇದ ಹಿಗ್ಗಿತು.
ಸತ್ತ ಆನೆ ಮೂರೇ,
ದರದಲ್ಲಿ ಶೇಕಡಾ ಹದಿನಾಲ್ಕು ಇಳಿಕೆ.
ಪಕ್ಕದಲ್ಲಿ ಒಂದು ಹಸಿರು ಬಾಣ.
ನಾನೇ ಹಾಕಿದೆ.

ತಾಳೆಯಾಗದ್ದು ಬೇರೆ ಒಂದಿತ್ತು.
ಮಾಲ್ದಾರೆ ಕಡೆಯ ಲೈನು,
ಇಪ್ಪತ್ತೇಳು ರಾತ್ರಿ ಕರೆಂಟು ಹೋಗಿದೆ.
ಕಾರಣ: ಕೊಂಬೆ ಬಿದ್ದಿತ್ತು, ಕೊಂಬೆ ಬಿದ್ದಿತ್ತು,
ಒಂದೇ ಕೈಬರಹ.
ಬಿದ್ದ ಕೊಂಬೆಯ ತೂಕ: ಸೊನ್ನೆ.

"ಕೊಂಬೆ ನೋಡಬೇಕಾ ಮೇಡಂ? ಬನ್ನಿ"
ಅಂದ ಲೈನ್‌ಮ್ಯಾನ್ ಮೊಯಿದು.

ಎರಡು ಕಂಬಗಳ ನಡುವೆ ಜೋಲಿದ ತಂತಿ.
ಅಳತೆಕೋಲು ಎತ್ತಿ ಹಿಡಿದ: ನಾಲ್ಕು ಮೀಟರ್ ಎಂಬತ್ತು.
ನಿಯಮಕ್ಕಿಂತ ಒಂದು ಗೇಣು ಜಾಸ್ತಿಯೇ.
ಸರಿ ಅಂತ ಗುರುತು ಹಾಕಿದೆ.
ಅವನು ಅದೇ ಕೋಲು ಹೊತ್ತು
ಪಕ್ಕದ ಹಲಸಿನ ಮರದ ಬುಡಕ್ಕೆ ಹೋದ.
ಬೊಡ್ಡೆಗೆ ಒಣಗಿದ ಕೆಸರು, ನನ್ನ ತಲೆಗಿಂತ ಎತ್ತರಕ್ಕೆ.
ಅದರ ಮೇಲೆ ಬರೀ ತೊಟ್ಟು, ತೊಟ್ಟು, ತೊಟ್ಟು.
ಮತ್ತೂ ಮೇಲೆ
ಯಾರಿಗೂ ಎಟುಕದ ಮೊದಲ ಹಣ್ಣು.
"ಓದಿ" ಅಂದ.
ಐದು ಮೀಟರ್ ಹತ್ತು.

ಇಬ್ಬರೂ ಸ್ವಲ್ಪ ಹೊತ್ತು ತಂತಿ ನೋಡಿದೆವು.
ಹಣ್ಣಿನ ವಾಸನೆ ದಟ್ಟವಾಗಿತ್ತು.

ತೋಟದ ಲೈನುಮನೆಯ ಚುಬ್ರನ ಹತ್ತಿರ
ಬಟನ್ ಸವೆದ ಫೋನೊಂದಿದೆ.
ಒಂದು ಮಿಸ್ಡ್ ಕಾಲ್: ಹಿಂಡು ಕೆರೆ ಬಿಟ್ಟಿತು.
ಮೊಯಿದು ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಎದ್ದು
ಸ್ವಿಚ್ಚು ಇಳಿಸುತ್ತಾನೆ.
ಮಾಲ್ದಾರೆಯಲ್ಲಿ ಧಾರಾವಾಹಿ ನಿಲ್ಲುತ್ತದೆ, ಬೈಗುಳ ಶುರು.
ಎರಡನೇ ಮಿಸ್ಡ್ ಕಾಲ್: ರಸ್ತೆ ದಾಟಿತು.
ನಲವತ್ತು ನಿಮಿಷ, ಕೆಲವೊಮ್ಮೆ ಒಂದೂವರೆ ತಾಸು.
"ಆನೆಗೆ ಅಂತ ಬರೆದರೆ
ಯಾರ ಆರ್ಡರು ಅಂತಾರೆ ಮೇಡಂ.
ಕೊಂಬೆಗೆ ಯಾರ ಆರ್ಡರೂ ಬೇಡ."

ನಮೂನೆಯಲ್ಲಿ ಕತ್ತಲಿಗೆ ಅಂಕ ಕಳೆಯಬೇಕು,
ನಿಮಿಷಕ್ಕೆ ಇಷ್ಟು ಅಂತ.
ಆ ಹೊತ್ತು ಯೂನಿಟ್ಟೂ ಓಡದು,
ಛೇದ ಕುಗ್ಗಿ ನನ್ನ ಹಸಿರು ಬಾಣ ತುಸು ಬಾಡುತ್ತದೆ.
ಸಾಯದೆ ಹೋದ ಆನೆಗೆ ಕಾಲಂ ಇಲ್ಲ.
ಹುಡುಕಿದೆ. ಹಾಳೆ ತಿರುಗಿಸಿಯೂ ನೋಡಿದೆ.

ಮಡಿಕೇರಿಯ ಲಾಡ್ಜಿನಲ್ಲಿ ಆ ರಾತ್ರಿ
ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ
ನೋಡದ ಸಂಖ್ಯೆಯೊಂದನ್ನು ಬರೆದೆ.
ಲೆಕ್ಕ ತಾಳೆಯಾಗಬೇಕಲ್ಲ,
ಬಿದ್ದ ಮೇಲೆ ಕೊಂಬೆಗೆ ತೂಕ ಇರಲೇಬೇಕಲ್ಲ.
ಒಂದೊಂದಕ್ಕೆ ನಾಲ್ಕು ಟನ್.
ಇಪ್ಪತ್ತೇಳು ರಾತ್ರಿಗೆ ನೂರ ಎಂಟು.
ಜೊತೆಗೆ ಬಂದ ಎಳೆ ರೆಂಬೆಗಳನ್ನು ಹಿಡಿಯಲಿಲ್ಲ.

ವರದಿ ಹೋಗಿ ಐದು ತಿಂಗಳಾಯಿತು.
ಸಸಿಗಳ ಬಗ್ಗೆ ಎರಡು ಪ್ರಶ್ನೆ ಬಂದವು,
ಎಣ್ಣೆಯ ಬಗ್ಗೆ ಒಂದು.
ನಾಲ್ಕು ಟನ್ನಿನ ಕೊಂಬೆ ಯಾವ ಮರದ್ದು
ಎಂದು ಯಾರೂ ಕೇಳಿಲ್ಲ,
ಇನ್ನೂ.