ತೊಂಬತ್ತು ಸೆಕೆಂಡು

ಸತ್ತ ಲ್ಯಾಪ್‌ಟಾಪಿನ ಹೊಟ್ಟೆ ಬಗೆದು
ಆರು ಸೆಲ್ ತೆಗೆದೆ. ಮೂರಕ್ಕೆ ಜೀವವಿತ್ತು.
ಮೀಟರಿನ ಮುಳ್ಳು ನಡುಗಿ ಮೂರೂಮುಕ್ಕಾಲಿನಲ್ಲಿ ನಿಂತಾಗ
ನಾಡಿ ಹಿಡಿದ ಪಂಡಿತನಂತೆ ಹ್ಞೂಂ ಅಂದೆ.

ಸಾಗರದ ಪೇಟೆಯಲ್ಲಿ ಈಗ ಗಡಿಯಾರ ರಿಪೇರಿಗೆ ಯಾರು ಬರುತ್ತಾರೆ?
ಕಣ್ಣಿಗೆ ಕಚ್ಚಿಸುವ ಭೂತಗನ್ನಡಿ ಸುಮ್ಮನಿತ್ತು.
ಸಾಸಿವೆಯಷ್ಟು ಬೆಸುಗೆ, ತಾಮ್ರದ ಬಿಲ್ಲೆ,
ಅದರ ಮೇಲೆ ಅಲಸಂದೆ ಕಾಳಿನಷ್ಟು ಹಳದಿ ಎಲ್‌ಇಡಿ.
ಸ್ಪ್ರಿಂಗಿಗೂ ಒಂದು ಅಡ್ಡತಂತಿ:
ಸುತ್ತಿ ಬಳಸಿ ಬಂದರೆ ಕರೆಂಟಿಗೂ ಸುಸ್ತು.
"ಇದಕ್ಕೆಷ್ಟು ಬಿತ್ತು?" ಅಂದಳು ಫಿಲೋಮಿನಾ.
ಅರ್ಧ ಹೇಳಿದೆ. ಬೈಗುಳ ಪೂರ್ತಿ ಬಂತು.

ಹೊಳೆಬಾಗಿಲಿನ ದಡ, ಕೊನೆಯ ಲಾಂಚು ನಿಂತ ಮೇಲೆ.
ಒತ್ತಿದೆ.
ಏನೂ ಇಲ್ಲ.
ಆಚೆ, ಬಹಳ ಆಚೆ, ನೀರಲ್ಲಿ ನಿಂತ ಒಣ ಬೊಡ್ಡೆಯೊಂದು
ಬೆಳ್ಳಗೆ ಬೆಚ್ಚಿಬಿತ್ತು, ಅಷ್ಟೆ.
ನಡುವೆ ಕತ್ತಲು ಕತ್ತಲಾಗಿಯೇ ಇತ್ತು,
ಮಾಗಿಯ ಗಾಳಿ ತೊಳೆದಿಟ್ಟ ಹಾಗೆ.

"ಎಲ್ಲಿದೆಯೋ ಮಾರಾಯ ನಿನ್ನ ಬೆಳಕು?"
ಲಾಂಚಿನ ಹಗ್ಗ ಕಟ್ಟುವ ಹುಚ್ಚಪ್ಪ
ಬೀಡಿ ಎಳೆದು ಗಾಜಿನ ಮುಂದೆ ಹೊಗೆ ಬಿಟ್ಟ.
ಎದ್ದಿತು ಅಲ್ಲಿ: ತೊಲೆಯಂಥ ಬಿಳಿ, ಒಳಗೊಳಗೇ ಹೊರಳುತ್ತ,
ಹತ್ತಿ ನಡೆಯಬಹುದು ಅನ್ನುವಷ್ಟು ಗಟ್ಟಿ,
ಒಂದೇ ಮೊಳ.

ಮತ್ತೆ ಎಳೆದ, ಮತ್ತೆ ಬಿಟ್ಟ.
ಅಂಗೈಯಲ್ಲಿ ಲೋಹ ಚುರುಗುಟ್ಟಿತು. ತೊಂಬತ್ತಕ್ಕೆ ಸರಿಯಾಗಿ
ಡ್ರೈವರು ತನ್ನಷ್ಟಕ್ಕೆ ತಗ್ಗಿತು.
"ನನ್ನ ಬೀಡಿಯೂ ಆಯ್ತು," ಅಂದ ಹುಚ್ಚಪ್ಪ.
ಬಿಸಿ ಟಾರ್ಚನ್ನು ಇಸಕೊಂಡು
ಎರಡೂ ಕೈಯಲ್ಲಿ ಹೊರಳಿಸಿ, ಆಮೇಲೆ
ಕೆನ್ನೆಗೆ ಹಿಡಿದುಕೊಂಡು ಕೂತ.